ರಸ್ತೆ ಅಗೆತದ ಅನುಮತಿ ಮತ್ತು ಅದರ ಆಡಳಿತ ವೆಚ್ಚ: ಹೈದರಾಬಾದಿನ ಮನೆವಂದಿಗರಿಗೊಂದು ಕೈಪಿಡಿ

ಮನೆಯ ಮುಂದಿನ ರಸ್ತೆಯನ್ನು ಅಗೆಯದೆ ಮನೆಗೆ ನೀರು ಬರುವುದಿಲ್ಲ. ಬಚ್ಚಲ ನೀರು ಹೊರಗೆ ಹೋಗುವುದಿಲ್ಲ. ವಿದ್ಯುತ್ ಕೇಬಲ್, ದೂರವಾಣಿ ತಂತಿ, ಗಾಜಿನ ಎಳೆಯ ಅಂತರ್ಜಾಲ ಸಂಪರ್ಕ, ಈಚೆಗೆ ಅಡುಗೆ ಅನಿಲದ ಕೊಳವೆ ಇವೆಲ್ಲವೂ ಸಾರ್ವಜನಿಕ ರಸ್ತೆಯ ಒಡಲಿನಲ್ಲಿಯೋ ಅಂಚಿನಲ್ಲಿಯೋ ಸಾಗಿಯೇ ನಮ್ಮ ಹೊಸ್ತಿಲಿಗೆ ತಲಪತಕ್ಕವು. ಇದಲ್ಲದೆ ಗೇಟಿನಿಂದ ವಾಹನ ಇಳಿಸುವುದಕ್ಕೆಂದು ಕಟ್ಟುವ ಇಳಿಜಾರು, ಅಂದರೆ ಎಲ್ಲರೂ ರ‍್ಯಾಂಪ್ ಎಂದು ಕರೆಯುವ ಕಟ್ಟೆ, ಅದೂ ಬಹುಪಾಲು ರಸ್ತೆಯ ಮೇಲೆಯೇ ಕುಳಿತಿರುತ್ತದೆ. ಇವುಗಳಿಗೆಲ್ಲ ಅನುಮತಿ ಬೇಕು, ಅನುಮತಿಗೆ ಶುಲ್ಕವುಂಟು, ಶುಲ್ಕದ ಹಿಂದೆ ಒಂದು ಲೆಕ್ಕವಿರಬೇಕು. ಆ ಲೆಕ್ಕ ಯಾವುದು, ಯಾರು ಯಾರಿಗೆ ಏನನ್ನು ಕೊಡುತ್ತಾರೆ, ಅದರಲ್ಲಿ ಕಚೇರಿಯ ಖರ್ಚೆಷ್ಟು, ರಸ್ತೆಯ ಖರ್ಚೆಷ್ಟು, ಬಾಡಿಗೆಯೆಷ್ಟು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶವಾಗಿದೆ. ಹೈದರಾಬಾದಿನಲ್ಲಿ ತಲೆಮಾರುಗಳಿಂದ ನೆಲೆಸಿ ಸ್ವಂತ ಮನೆ, ಫ್ಲಾಟುಗಳನ್ನು ಮಾಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಿಗೆ ಈ ವಿಷಯ ಒಂದಲ್ಲ ಒಂದು ದಿನ ಎದುರಾಗುವಂಥದೇ ಆಗಿದೆ.

ನೆಲದಡಿಯ ನಗರ

ಈ ನಗರದ ನೆಲದಡಿಯ ವ್ಯವಸ್ಥೆಯ ಚರಿತ್ರೆಯಲ್ಲಿ ಮೊದಲು ನೆನೆಯಬೇಕಾದ ಹೆಸರು ಕನ್ನಡಿಗರದೇ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರವು ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮ್ ಸರ್ಕಾರವು ಮುಂಬಯಿ ಪ್ರಾಂತದ ಸೇವೆಯಿಂದ ಬಿಡುವಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. 1909ರಲ್ಲಿ ಇಲ್ಲಿಗೆ ಬಂದ ಅವರು ಪ್ರವಾಹ ತಡೆಯುವ ಜಲಾಶಯಗಳ ಯೋಜನೆಯ ಜೊತೆಗೆ ನಗರಕ್ಕೆ ಆಧುನಿಕ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿಕೊಟ್ಟರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಆ ಚಿಂತನೆಯ ಫಲಗಳೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕಣ್ಣಿಗೆ ಕಾಣುವ ಜಲಾಶಯಗಳನ್ನು ಜನ ನೆನೆಯುತ್ತಾರೆ. ಕಣ್ಣಿಗೆ ಕಾಣದ ಚರಂಡಿಯನ್ನು ನೆನೆಯುವವರು ಕಡಿಮೆ.

ಹೈದರಾಬಾದಿನ ನೆಲ ಬಹುಭಾಗ ಗ್ರಾನೈಟ್ ಬಂಡೆ. ಎರಡು ಅಡಿ ಅಗೆಯುವಷ್ಟರಲ್ಲಿ ಹಾರೆ ಕಿಡಿ ಕಾರುವ ಬಡಾವಣೆಗಳು ಎಷ್ಟೋ ಇವೆ. ಆದ್ದರಿಂದ ಇಲ್ಲಿ ಕೊಳವೆಗಳನ್ನು ಆಳಕ್ಕೆ ಇಳಿಸುವುದು ದುಬಾರಿಯ ಕೆಲಸ. ಅಗೆಯುವವರು ಸಾಧ್ಯವಾದಷ್ಟು ಮೇಲೆಯೇ ಕೊಳವೆ ಮಲಗಿಸಿ ಮುಚ್ಚಿಬಿಡುತ್ತಾರೆ. ಮುಂದಿನವನು ಅಗೆಯುವಾಗ ಹಿಂದಿನವನ ಕೊಳವೆ ಒಡೆಯುತ್ತದೆ. ನೀರಿನವರು ಕೇಬಲ್ ಕಡಿದರು, ಕೇಬಲಿನವರು ನೀರು ಒಡೆದರು ಎಂಬ ಸುದ್ದಿ ಇಲ್ಲಿ ನಿತ್ಯದ್ದು. ದೇಶದ ಮಟ್ಟದಲ್ಲಿ ನೋಡಿದರೆ, ಹೊಂದಾಣಿಕೆಯಿಲ್ಲದ ಅಗೆತದಿಂದ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಗಾಜಿನ ಎಳೆಯ ಕೇಬಲುಗಳು ತುಂಡಾಗಿ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂದು ಕೇಂದ್ರ ಸರ್ಕಾರವೇ ಅಂದಾಜು ಮಾಡಿದೆ. 2023ರ ಮಾರ್ಚ್ 22ರಂದು ಅದು ಹೊರತಂದ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯ ಉದ್ದೇಶವೇ, ಅಗೆಯುವವನು ಮೊದಲೇ ತಿಳಿಸಿ, ಆ ಜಾಗದಲ್ಲಿ ಯಾರ ಆಸ್ತಿಯಿದೆಯೋ ಅವರನ್ನು ಎಚ್ಚರಿಸುವುದು.

ಒಡೆಯರು ಯಾರು?

ರಸ್ತೆಯ ನೆಲ ಮಹಾನಗರ ಪಾಲಿಕೆಯದು. ಪಾಲಿಕೆಗೆ ಆಧಾರವಾದ ಕಾಯ್ದೆ 1955ರ ಹೈದರಾಬಾದ್ ನಗರಪಾಲಿಕೆಗಳ ಕಾಯ್ದೆ. ಅದನ್ನು ರೂಪಿಸಿದ ಹೈದರಾಬಾದ್ ರಾಜ್ಯದ ವಿಧಾನಸಭೆಯಲ್ಲಿ ಆಗ ಬೀದರ್, ಗುಲ್ಬರ್ಗ, ರಾಯಚೂರುಗಳ ಶಾಸಕರೂ ಕುಳಿತಿದ್ದರು ಎಂಬುದನ್ನು ಇಂದಿನ ಪೀಳಿಗೆಗೆ ನೆನಪಿಸಬೇಕು. ಮರುವರ್ಷ ನವೆಂಬರ್ 1ರಂದು ರಾಜ್ಯಗಳು ಬೇರೆಯಾದವು. ಕಾಯ್ದೆ ಮಾತ್ರ ಇಲ್ಲಿಯೇ ಉಳಿಯಿತು. 2007ರ ಏಪ್ರಿಲ್ 16ರಂದು ಹಳೆಯ ಪಾಲಿಕೆಗೆ ಸುತ್ತಲಿನ 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯತಿಗಳನ್ನೂ ಸೇರಿಸಿ ಗ್ರೇಟರ್ ಹೈದರಾಬಾದ್ ಪಾಲಿಕೆಯನ್ನು ಮಾಡಲಾಯಿತು. 2025ರ ಕೊನೆಯಲ್ಲಿ ಇನ್ನೂ 27 ನಗರ ಸ್ಥಳೀಯ ಸಂಸ್ಥೆಗಳು ವಿಲೀನಗೊಂಡು ವಲಯ, ಸರ್ಕಲ್, ವಾರ್ಡುಗಳ ಗಡಿಗಳೆಲ್ಲ ಬದಲಾದವು. ಆದಕಾರಣ ಹಳೆಯ ರಸೀತಿಯಲ್ಲಿರುವ ಕಚೇರಿಯೇ ಈಗಲೂ ತಮ್ಮ ಬೀದಿಯ ಕಚೇರಿ ಎಂದು ಯಾರೂ ಭಾವಿಸಬಾರದು. ಅರ್ಜಿಗೆ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ನೆಲ ಪಾಲಿಕೆಯದಾದರೂ ನೆಲದೊಳಗಿನದು ಬೇರೆಯವರದು. ನೀರು ಮತ್ತು ಒಳಚರಂಡಿ 1989ರ ಕಾಯ್ದೆಯ ಮೂಲಕ ರಚಿತವಾದ ಜಲಮಂಡಳಿಯ ವಶದಲ್ಲಿವೆ. ವಿದ್ಯುತ್ತು ತೆಲಂಗಾಣ ದಕ್ಷಿಣ ವಿತರಣಾ ಕಂಪನಿಯದು. ಕೊಳವೆಯ ಅನಿಲ 2003ರಲ್ಲಿ ಸ್ಥಾಪನೆಯಾದ ಭಾಗ್ಯನಗರ ಗ್ಯಾಸ್ ಸಂಸ್ಥೆಯದು. ದೂರಸಂಪರ್ಕ ಕಂಪನಿಗಳು ಹಲವು. ನಗರದ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿಗಳ ಅಂಚಿನಲ್ಲಿ ಏನನ್ನಾದರೂ ಹೂಳಬೇಕಾದರೆ, ಅಥವಾ ಹೆದ್ದಾರಿಗೆ ತೆರೆದುಕೊಳ್ಳುವ ದಾರಿಯೊಂದನ್ನು ಮಾಡಬೇಕಾದರೆ, 2002ರ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಪಾಲಿಕೆಯ ಚೀಟಿ ನಡೆಯುವುದಿಲ್ಲ. ಹೆದ್ದಾರಿಯ ಮಗ್ಗುಲಲ್ಲಿ ಕಲ್ಯಾಣಮಂಟಪವನ್ನೋ ಪೆಟ್ರೋಲ್ ಬಂಕನ್ನೋ ಮಾಡಹೊರಟವರು ಇದನ್ನು ತಡವಾಗಿ ತಿಳಿದು ಪರದಾಡುವುದುಂಟು.

ಶುಲ್ಕದ ಒಳಗೇನಿದೆ

ಪಾಲಿಕೆಯ ಬೇಡಿಕೆ ಪತ್ರ ಕೈಗೆ ಬಂದಾಗ ಅದರಲ್ಲಿ ಒಂದೇ ಒಟ್ಟು ಮೊತ್ತ ಕಂಡರೂ ಅದರೊಳಗೆ ಸ್ವಭಾವದಲ್ಲಿಯೇ ಬೇರೆಯಾದ ನಾಲ್ಕು ಬಗೆಯ ಹಣ ಅಡಗಿರಬಹುದು. ಅಗೆದ ರಸ್ತೆಯನ್ನು ಮತ್ತೆ ಮೊದಲಿನಂತೆ ಮಾಡುವ ಖರ್ಚು ಒಂದು. ಇದನ್ನು ಪುನಃಸ್ಥಾಪನೆ ಶುಲ್ಕವೆನ್ನುತ್ತಾರೆ. ಡಾಂಬರಿಗೊಂದು ದರ, ಸಿಮೆಂಟ್ ಕಾಂಕ್ರೀಟಿಗೊಂದು ದರ, ಮಣ್ಣಿನ ಅಂಚಿಗೊಂದು ದರ. ಅರ್ಜಿಯನ್ನು ಪರಿಶೀಲಿಸುವ, ಸ್ಥಳ ನೋಡುವ, ಕೆಲಸ ನಡೆಯುವಾಗ ಉಸ್ತುವಾರಿ ಮಾಡುವ ಖರ್ಚು ಇನ್ನೊಂದು. ಇದೇ ನಿಜವಾದ ಅರ್ಥದಲ್ಲಿ ಆಡಳಿತ ವೆಚ್ಚ. ಕೆಲಸ ಕೆಟ್ಟರೆ ಇರಲಿ ಎಂದು ಇಟ್ಟುಕೊಳ್ಳುವ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಮೂರನೆಯದು. ಇದು ವಾಪಸು ಬರಬೇಕಾದ ಹಣ. ಸಾರ್ವಜನಿಕ ನೆಲವನ್ನು ಬಳಸಿದ್ದಕ್ಕೆ ತೆರುವ ಬಾಡಿಗೆ ನಾಲ್ಕನೆಯದು.

ಮನೆಯವರು ಕೊಳವೆಯೊಂದಕ್ಕೆ ಅರ್ಜಿ ಹಾಕಿದಾಗ ಸಾಮಾನ್ಯವಾಗಿ ಮೊದಲನೆಯದು ಮತ್ತು ಎರಡನೆಯದು ಬೀಳುತ್ತವೆ. ಕಂಪನಿಗಳ ಮೇಲೆ ಮೂರನೆಯದೂ ಬೀಳುತ್ತದೆ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಕಲಸಿ ಬರೆಯುವ ರೂಢಿಯೇ ಅನೇಕ ಜಗಳಗಳ ಮೂಲವೆಂದು ನನಗನಿಸುತ್ತದೆ. ಬ್ಯಾಂಕಿನಲ್ಲಿ ಅಸಲು, ಬಡ್ಡಿ, ಕಮಿಷನ್, ಠೇವಣಿ ಇವನ್ನು ಒಂದೇ ಕಲಮಿನಲ್ಲಿ ಬರೆದರೆ ಸಂಜೆಗೆ ಲೆಕ್ಕ ಕೂಡುವುದಿಲ್ಲ. ಲೆಕ್ಕ ಕೂಡದೆ ನಾವು ಮನೆಗೆ ಹೋಗುವಂತಿಲ್ಲ.

ಜಲಮಂಡಳಿಯ ಸಂಪರ್ಕ ಪಡೆಯುವವರು ಗಮನಿಸಬೇಕಾದುದೆಂದರೆ, ಅಂದಾಜುಪಟ್ಟಿಯಲ್ಲಿ ರಸ್ತೆ ಪುನಃಸ್ಥಾಪನೆಯ ಬಾಬ್ತು ಸೇರಿದೆಯೇ ಇಲ್ಲವೇ ಎಂಬುದು. ಸೇರಿದ್ದರೆ ಪಾಲಿಕೆಗೆ ಮತ್ತೆ ಕಟ್ಟಬೇಕಾದ ಕಾರಣವಿಲ್ಲ. ಸೇರಿಲ್ಲದಿದ್ದರೆ ಕೊಳಾಯಿ ಕೆಲಸದವನ ಬಾಯಿಮಾತನ್ನು ನಂಬಿ ಅಗೆಸಿದವರು ದಂಡಕ್ಕೆ ಗುರಿಯಾಗುತ್ತಾರೆ.

ಶಿರೂರು ಮಠದ ಪಾಠ

ಅನುಮತಿಗೆ ಎಷ್ಟು ವಸೂಲು ಮಾಡಬಹುದು ಎಂಬ ಪ್ರಶ್ನೆಗೆ ಭಾರತದಲ್ಲಿ ಮೊದಲ ಗಟ್ಟಿ ಉತ್ತರ ಬಂದದ್ದು ಉಡುಪಿಯ ನಿಮಿತ್ತದಿಂದ. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು 1951ರ ಮದರಾಸು ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದ್ದರು. ಆಗ ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿತ್ತು. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದಲ್ಲಿ ಶೇಕಡ 5ರವರೆಗೆ ಸರ್ಕಾರಕ್ಕೆ ವಂತಿಗೆ ಕೊಡಬೇಕೆಂದು ಆ ಕಾಯ್ದೆ ವಿಧಿಸಿತ್ತು. 1954ರಲ್ಲಿ ಸುಪ್ರೀಂ ಕೋರ್ಟು ಇದನ್ನು ರದ್ದುಪಡಿಸಿತು. ತೆರಿಗೆ ಬೇರೆ, ಶುಲ್ಕ ಬೇರೆ. ಶುಲ್ಕವೆಂದರೆ ಸಲ್ಲಿಸಿದ ಸೇವೆಗೆ ತಗಲಿದ ವೆಚ್ಚಕ್ಕೆ ಪ್ರತಿಯಾಗಿ ಪಡೆಯುವುದು. ಬಂದ ಹಣ ಆ ಸೇವೆಗೇ ಮೀಸಲಾಗದೆ ಸರ್ಕಾರದ ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಗುವುದಾದರೆ ಅದು ಶುಲ್ಕವೆಂಬ ಹೆಸರಿನ ತೆರಿಗೆಯೇ ಸರಿ ಎಂಬುದು ತೀರ್ಪಿನ ಸಾರ. ಮಠದ ಮೊಕದ್ದಮೆ ಎಂದುಕೊಂಡು ಪಕ್ಕಕ್ಕಿಡುವಂತಿಲ್ಲ. ದೇಶದ ಯಾವ ಪಾಲಿಕೆಯ ಯಾವ ಶುಲ್ಕದ ವ್ಯಾಜ್ಯವಾದರೂ ಇಲ್ಲಿಂದಲೇ ಆರಂಭವಾಗುತ್ತದೆ.

ಆ ಮೇಲೆ ನ್ಯಾಯಾಲಯ ಸ್ವಲ್ಪ ಸಡಿಲಿಸಿತು. ಆಂಧ್ರಪ್ರದೇಶದ ಕೃಷಿ ಮಾರುಕಟ್ಟೆ ಶುಲ್ಕಕ್ಕೆ ಸಂಬಂಧಿಸಿದ 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ, ಶುಲ್ಕಕ್ಕೂ ಸೇವೆಗೂ ಪೈಸೆ ಪೈಸೆ ಹೊಂದಿಕೆ ಬೇಕಿಲ್ಲ, ಒಟ್ಟಾರೆ ನ್ಯಾಯವಾದ ಸಂಬಂಧವಿದ್ದರೆ ಸಾಕು ಎಂದಿತು. ಸಂಬಂಧವೇ ಬೇಡವೆಂದು ಮಾತ್ರ ಹೇಳಲಿಲ್ಲ.

ಇದಕ್ಕಿಂತ ಹಳೆಯದಾದ ಒಂದು ಎಳೆಯೂ ಇದೆ. 1885ರ ತಂತಿ ಕಾಯ್ದೆಯು, ಸ್ಥಳೀಯ ಸಂಸ್ಥೆಯ ನೆಲದಲ್ಲಿ ತಂತಿ ಎಳೆಯುವಾಗ ಆ ಸಂಸ್ಥೆಗೆ ಅನಿವಾರ್ಯವಾಗಿ ತಗಲುವ ಖರ್ಚನ್ನು ಕೊಡಬೇಕೆಂಬ ಷರತ್ತನ್ನು ಅದು ವಿಧಿಸಬಹುದು ಎಂದು ಹೇಳಿತ್ತು. ‘ಅನಿವಾರ್ಯವಾಗಿ’ ಎಂಬ ಪದದ ತೂಕವನ್ನು ಗಮನಿಸಬೇಕು. ಬ್ರಿಟಿಷರ ಕಾಲದ ಆ ಕರಡುಗಾರನು ಲಾಭವನ್ನೂ ಬಾಡಿಗೆಯನ್ನೂ ಹೊರಗಿಟ್ಟು, ಖರ್ಚನ್ನಷ್ಟೇ ಒಳಗೆ ಬಿಟ್ಟಿದ್ದಾನೆ.

ಸಾವಿರ ರೂಪಾಯಿಯ ಮಿತಿ

ಮೊಬೈಲ್ ಮತ್ತು ಅಂತರ್ಜಾಲ ಕಂಪನಿಗಳ ಮೇಲೆ ನಗರ ನಗರಕ್ಕೂ ಒಂದೊಂದು ಬಗೆಯ ಶುಲ್ಕ ಬೀಳುತ್ತಿದ್ದ ಕಾರಣ, ಕೇಂದ್ರ ಸರ್ಕಾರವು 2016ರ ನವೆಂಬರಿನಲ್ಲಿ ತಂತಿ ಮಾರ್ಗಹಕ್ಕು ನಿಯಮಗಳನ್ನು ಹೊರಡಿಸಿತು. ನೆಲದಡಿಯ ಕೇಬಲಿಗೆ ಅರ್ಜಿ ಪರಿಶೀಲನೆಯ ಆಡಳಿತ ಶುಲ್ಕವು ಕಿಲೋಮೀಟರಿಗೆ 1,000 ರೂಪಾಯಿ ಮೀರಬಾರದು. ನೆಲದ ಮೇಲಿನ ಗೋಪುರಗಳಿಗೆ ಅರ್ಜಿಯೊಂದಕ್ಕೆ 10,000 ರೂಪಾಯಿ ಮೀರಬಾರದು. 60 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅನುಮತಿ ದೊರೆತಂತೆಯೇ ಎಂದು ಅದು ಗೊತ್ತುಪಡಿಸಿತು. 2022ರ ಆಗಸ್ಟಿನ ತಿದ್ದುಪಡಿಯು ದೀಪದ ಕಂಬ ಮುಂತಾದುವುಗಳ ಮೇಲೆ ಸಣ್ಣ ಉಪಕರಣ ಕೂಡಿಸುವುದಕ್ಕೆ ನಗರಗಳಲ್ಲಿ ವರ್ಷಕ್ಕೆ 300, ಗ್ರಾಮಗಳಲ್ಲಿ 150 ರೂಪಾಯಿಯ ದರ ಹೇಳಿತು. 2023ರ ದೂರಸಂಪರ್ಕ ಕಾಯ್ದೆಯ ಅಡಿಯಲ್ಲಿ ರಚಿತವಾದ 2024ರ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಹಳೆಯವುಗಳ ಸ್ಥಾನಕ್ಕೆ ಬಂದಿವೆ.

ಕಂಪನಿಗಳಿಗೆ ಇದು ನ್ಯಾಯವೇ. ಆದರೆ ಪಾಲಿಕೆಯ ಮೇಜಿನ ಆಚೆಯ ಬದಿಯಲ್ಲಿ ಕುಳಿತು ಒಮ್ಮೆ ಲೆಕ್ಕ ಹಾಕಿ ನೋಡೋಣ. ಈ ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು, ಯಾವ ಕಚೇರಿಯವೂ ಅಲ್ಲ. ಒಂದು ಅರ್ಜಿಗೆ ಸಹಾಯಕ ಎಂಜಿನಿಯರರು ಅಗೆತಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಹೀಗೆ ಮೂರು ಸಲ ಹೋಗಿ ಬರಬೇಕು. ತಲಾ 2 ಗಂಟೆಯಂತೆ 6 ಗಂಟೆ. ಕಡತ ಸಿದ್ಧಪಡಿಸಿ, ಬೇಡಿಕೆ ಪತ್ರ ಬರೆದು, ಸಂಚಾರ ಪೊಲೀಸರೊಡನೆ ಪತ್ರವ್ಯವಹಾರ ಮಾಡಿ, ಖಾತೆಯಲ್ಲಿ ದಾಖಲಿಸಲು 4 ಗಂಟೆ. ಮೇಲಧಿಕಾರಿಗಳ ಸಹಿಗೆ 1 ಗಂಟೆ. ಒಟ್ಟು 11 ಗಂಟೆಗಳಿಗೆ ಸರಾಸರಿ 400 ರೂಪಾಯಿಯಂತೆ 4,400. ವಾಹನ, ಕಾಗದ, ಗಣಕಯಂತ್ರಕ್ಕೆ 600. ಅಲ್ಲಿಗೆ 5,000 ರೂಪಾಯಿ. ಅರ್ಜಿ 1 ಕಿಲೋಮೀಟರಿನದಾದರೆ ಬರುವುದು ಗರಿಷ್ಠ 1,000. ದೂರಕ್ಕೆ ಸರಿಯಾಗಿ ಇಳಿಸುತ್ತ ಹೋದರೆ 200 ಮೀಟರಿನ ಅರ್ಜಿಗೆ 200 ರೂಪಾಯಿ. ಸ್ಥಳಕ್ಕೆ ಹೋಗಿಬರುವ ಪೆಟ್ರೋಲಿಗೂ ಅದು ಸಾಲದು. 10 ಕಿಲೋಮೀಟರಿನ ಅರ್ಜಿಯಾದರೆ ಮಾತ್ರ ಹೆಚ್ಚು ಕಡಿಮೆ ಸರಿಹೋದೀತು, ಯಾಕೆಂದರೆ ಕಡತದ ಕೆಲಸ ದೂರದಷ್ಟೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಕೊರತೆ ಬಿದ್ದಾಗ ಕಚೇರಿ ಏನು ಮಾಡುತ್ತದೆ? ಮೂರು ಸಲದ ಭೇಟಿ ಒಂದು ಸಲವಾಗುತ್ತದೆ. ಆ ಒಂದು ಸಲವೂ ಅಗೆತಕ್ಕೆ ಮೊದಲಿನದಾಗಿರುತ್ತದೆ, ಏಕೆಂದರೆ ಅದಿಲ್ಲದೆ ಬೇಡಿಕೆ ಪತ್ರ ಬರೆಯಲಾಗದು. ಮುಚ್ಚಿದ ಮೇಲೆ ನೋಡುವವರಿಲ್ಲ. ಅಗೆದ ಗುಂಡಿಯನ್ನು ಒಂದೇ ಸಲಕ್ಕೆ ಮಣ್ಣು ಸುರಿದು ಮುಚ್ಚಕೂಡದು. ಗೇಣುಗೇಣಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ ಮೇಲೆ ಜಲ್ಲಿ, ಅದರ ಮೇಲೆ ಡಾಂಬರು ಹಾಕತಕ್ಕದ್ದು. ದಮ್ಮಸು ಆಗಿದೆಯೇ ಇಲ್ಲವೇ ಎಂಬುದು ಡಾಂಬರು ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಅದನ್ನು ತೋರಿಸಿಕೊಡುವುದು ಜೂನ್ ತಿಂಗಳ ಮಳೆ. ಪಟ್ಟೆಯುದ್ದಕ್ಕೂ ರಸ್ತೆ ಕುಸಿಯುತ್ತದೆ, ರಾತ್ರಿ ನೀರು ತುಂಬಿದಾಗ ಸ್ಕೂಟರಿನವನು ಬೀಳುತ್ತಾನೆ. ಮೇಜಿನ ಮೇಲೆ ಉಳಿಸಿದ ಎರಡು ಗಂಟೆಯ ಸಂಬಳವನ್ನು ಆಸ್ಪತ್ರೆಯಲ್ಲಿ ಯಾರೋ ತೆರುತ್ತಾರೆ. ಹೀಗಾಗಿ ಆಡಳಿತ ವೆಚ್ಚವೆಂಬುದು ಕಡಿತಗೊಳಿಸಲೇಬೇಕಾದ ದಂಡದ ಖರ್ಚು ಎಂಬ ಭಾವನೆಯನ್ನು ನಾನು ಒಪ್ಪಲಾರೆ. ಎಲ್ಲಿ ಅದು ತಪಾಸಣೆಗೆ ಹೋಗುತ್ತದೆಯೋ ಅಲ್ಲಿ ಹೆಚ್ಚಾದರೂ ಚಿಂತೆಯಿಲ್ಲ. ಎಲ್ಲಿ ಅದು ಕಡತದ ಅಲೆದಾಟಕ್ಕೆ ಹೋಗುತ್ತದೆಯೋ ಅಲ್ಲಿ ಕಡಿಮೆಯಾಗಬೇಕು.

ಮಳೆಗಾಲದಲ್ಲಿ ತುರ್ತಲ್ಲದ ಅಗೆತಕ್ಕೆ ಪಾಲಿಕೆ ತಡೆ ಹಾಕುವುದು ಇದೇ ಕಾರಣದಿಂದ. ಆದರೆ ತಡೆ ಬರುವ ಮುನ್ನ, ಮೇ ತಿಂಗಳಲ್ಲಿ, ಎಲ್ಲರೂ ಒಮ್ಮೆಲೇ ಅಗೆಯುವ ಅವಸರವನ್ನು ನಾವು ಪ್ರತಿವರ್ಷ ಕಾಣುತ್ತೇವೆ. ನಮ್ಮ ಬೀದಿಯನ್ನು ಒಂದೇ ಬೇಸಿಗೆಯಲ್ಲಿ ಮೂರು ಸಂಸ್ಥೆಗಳು ಮೂರು ಸಲ ಅಗೆದುವು. ಮೂವರ ಬಳಿಯೂ ಕ್ರಮಬದ್ಧ ಅನುಮತಿಯಿತ್ತು.

ಬ್ಯಾಂಕ್ ಗ್ಯಾರಂಟಿಯ ಕಥೆ

ಕೆಲವು ವರ್ಷ ಗ್ಯಾರಂಟಿ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಹೆಚ್ಚು ಪರಿಚಿತವಾದದ್ದು ಈ ಭಾಗ. ರಸ್ತೆಯನ್ನು ತಾನೇ ಸರಿಪಡಿಸುತ್ತೇನೆಂದು ಒಪ್ಪಿಕೊಂಡ ಕಂಪನಿಯು ಅದಕ್ಕೆ ಭದ್ರತೆಯಾಗಿ ಬ್ಯಾಂಕ್ ಗ್ಯಾರಂಟಿ ಕೊಡಬೇಕಾಗುತ್ತದೆ. 10 ಲಕ್ಷ ರೂಪಾಯಿಯ ಗ್ಯಾರಂಟಿ ಎಂದಿಟ್ಟುಕೊಳ್ಳೋಣ. ಕಮಿಷನ್ ವರ್ಷಕ್ಕೆ ಶೇಕಡ 2 ಎಂದು ಭಾವಿಸೋಣ. 20,000 ರೂಪಾಯಿ, ಅದರ ಮೇಲೆ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ 3,600. ಒಟ್ಟು ವರ್ಷಕ್ಕೆ 23,600. ಶೇಕಡ 20 ಮಾರ್ಜಿನ್ ಇಟ್ಟುಕೊಂಡರೆ 2 ಲಕ್ಷ ರೂಪಾಯಿ ನಿಶ್ಚಿತ ಠೇವಣಿಯಲ್ಲಿ ಸಿಕ್ಕಿಬೀಳುತ್ತದೆ. ಇದರ ಜೊತೆಗೆ ಭಾರತೀಯ ಕರಾರು ಕಾಯ್ದೆಯ 28ನೆಯ ಕಲಮಿಗೆ 2013ರ ಜನವರಿಯಿಂದ ಬಂದ ತಿದ್ದುಪಡಿಯೊಂದಿದೆ. ಬ್ಯಾಂಕು ತನ್ನ ಹೊಣೆಯನ್ನು ಅವಧಿಯ ಷರತ್ತಿನಿಂದ ಮುಗಿಸಿಕೊಳ್ಳಬೇಕಾದರೆ ಹಕ್ಕು ಕೇಳಲು ಕನಿಷ್ಠ ಒಂದು ವರ್ಷ ಕೊಡಬೇಕು ಎಂಬುದು ಅದರ ಸಾರ. ಆದ್ದರಿಂದ ಎರಡು ವರ್ಷದ ಗ್ಯಾರಂಟಿ ಬ್ಯಾಂಕಿನ ಪುಸ್ತಕದಲ್ಲಿ ಮೂರು ವರ್ಷ ಉಳಿಯಬಹುದು. ಮೂರನೆಯ ವರ್ಷಕ್ಕೂ ಕಮಿಷನ್ ಹಿಡಿದರೆ 70,800 ರೂಪಾಯಿ.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಪಾಲಿಕೆಗೆ ಆಡಳಿತ ಶುಲ್ಕವಾಗಿ ಸಿಕ್ಕಿದ್ದು ಒಂದೆರಡು ಸಾವಿರ. ಅದೇ ಅನುಮತಿಯ ನಿಮಿತ್ತ ಬ್ಯಾಂಕಿಗೂ ತೆರಿಗೆಗೂ ಹೋದದ್ದು ಮುಕ್ಕಾಲು ಲಕ್ಷದ ಹತ್ತಿರ. ಗ್ಯಾರಂಟಿಯನ್ನು ಬಿಡುಗಡೆ ಮಾಡಬೇಕಾದವರು ಕೆಲಸ ಮುಗಿದ ಪ್ರಮಾಣಪತ್ರವನ್ನು ತಡಮಾಡಿ ಕೊಟ್ಟರೆ ನವೀಕರಣದ ಕಮಿಷನ್ ಮತ್ತೆ ಏರುತ್ತದೆ. ಮೂಲ ಕಾಗದ ವಾಪಸು ಬಾರದೆ, ಕೆಲಸ ಮಾಡಿದ ಗುತ್ತಿಗೆದಾರನೇ ಊರುಬಿಟ್ಟ ಮೇಲೂ ನವೀಕರಣವಾಗುತ್ತಿದ್ದ ಗ್ಯಾರಂಟಿಗಳನ್ನು ನಾನು ಕಂಡಿದ್ದೇನೆ. ಈ ಖರ್ಚು ಯಾವ ಪಾಲಿಕೆಯ ಆಯವ್ಯಯದಲ್ಲಿಯೂ ಕಾಣುವುದಿಲ್ಲ. ಗ್ರಾಹಕರ ತಿಂಗಳ ಬಿಲ್ಲಿನಲ್ಲಿ ಚೂರುಚೂರಾಗಿ ಕರಗಿರುತ್ತದೆ.

ಬೇರೆಡೆ ಹೇಗೆ

ಇಂಗ್ಲೆಂಡಿನಲ್ಲಿ 1991ರ ಬೀದಿ ಕಾಮಗಾರಿ ಕಾಯ್ದೆಯು ಅಗೆದವನೇ ಮುಚ್ಚಬೇಕು, ಮುಚ್ಚಿದ್ದಕ್ಕೆ ಎರಡು ವರ್ಷ, ಆಳದ ಗುಂಡಿಗಾದರೆ ಮೂರು ವರ್ಷ ಹೊಣೆ ಹೊರಬೇಕು ಎನ್ನುತ್ತದೆ. 2004ರ ಕಾಯ್ದೆಯ ಮೇಲೆ ಬಂದ ಅನುಮತಿ ಪದ್ಧತಿಯಲ್ಲಿ ಸ್ಥಳೀಯ ಸಂಸ್ಥೆಗಳು ತಮಗೆ ತಗಲಿದ ವೆಚ್ಚದಷ್ಟನ್ನು ಮಾತ್ರ ಶುಲ್ಕವಾಗಿ ಪಡೆಯಬಹುದು. ಇದು ಕಚೇರಿಯ ಖರ್ಚಿನ ಮಾತಾಯಿತು. ಜನರ ಕಾಲಹರಣದ ಬೆಲೆಯನ್ನು ಅವರು ಬೇರೆಯಾಗಿಯೇ ಇಟ್ಟಿದ್ದಾರೆ: ಲಂಡನ್ನಿನಲ್ಲಿ 2012ರಿಂದ ಅತಿ ದಟ್ಟಣೆಯ ರಸ್ತೆಗಳನ್ನು ದಟ್ಟಣೆಯ ಹೊತ್ತಿನಲ್ಲಿ ಅಗೆದರೆ ದಿನಕ್ಕೆ 2,500 ಪೌಂಡಿನವರೆಗೆ ಬಾಡಿಗೆ ಕೊಡಬೇಕು, ರಾತ್ರಿ ಅಗೆದು ಬೆಳಗಾಗುವುದರೊಳಗೆ ಮುಚ್ಚಿದರೆ ಅದು ಬೀಳುವುದಿಲ್ಲ. ಮನೆಯ ಮುಂದೆ ಕಾರು ಇಳಿಯಲು ಕಾಲುದಾರಿಯ ಅಂಚು ತಗ್ಗಿಸಬೇಕಾದರೆ 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಅರ್ಜಿ ಹಾಕಿ, ಕೆಲಸದ ಖರ್ಚನ್ನು ಮನೆಯವರೇ ಭರಿಸಬೇಕು. ಅಮೆರಿಕದ ಕೇಂದ್ರ ಸಂಪರ್ಕ ಆಯೋಗವು 2018ರಲ್ಲಿ ಸಣ್ಣ ಮೊಬೈಲ್ ಉಪಕರಣವೊಂದಕ್ಕೆ ವರ್ಷಕ್ಕೆ 270 ಡಾಲರಿನವರೆಗಿನ ಶುಲ್ಕವನ್ನು ವೆಚ್ಚಕ್ಕೆ ಸಮನಾದದ್ದೆಂದು ಭಾವಿಸಬಹುದೆಂದಿತು. ನಗರಗಳು ನ್ಯಾಯಾಲಯಕ್ಕೆ ಹೋದರೂ 2020ರಲ್ಲಿ ಶುಲ್ಕದ ಭಾಗ ಊರ್ಜಿತವಾಯಿತು.

ನಮ್ಮ ಬಂಧುಗಳಿರುವ ಬೆಂಗಳೂರಿನಲ್ಲಿ ಬೇರೊಂದು ಪ್ರಯೋಗ ನಡೆಯಿತು. ಟೆಂಡರ್ ಶ್ಯೂರ್ ಎಂಬ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮುಂತಾದವನ್ನು 2014-15ರ ಸುಮಾರಿಗೆ ಹೊಸದಾಗಿ ಮಾಡುವಾಗ, ಕೇಬಲುಗಳಿಗೆಂದು ಕಾಲುದಾರಿಯ ಅಡಿಯಲ್ಲಿಯೇ ಕೊಳವೆ ಸಾಲುಗಳನ್ನೂ ಇಳಿಯುವ ಗುಂಡಿಗಳನ್ನೂ ಮಾಡಿದರು. ಹೊಸ ಕೇಬಲ್ ಬಂದರೆ ಮುಚ್ಚಳ ತೆಗೆದು ಎಳೆಯುವುದಷ್ಟೇ ಕೆಲಸ. ಆರಂಭದ ಖರ್ಚು ಹೆಚ್ಚೆಂದು ಆಗ ಟೀಕೆ ಬಂದಿತ್ತು. ತೆಲಂಗಾಣದಲ್ಲಿ ಇದೇ ಬಗೆಯ ವಿವೇಕವನ್ನು ಹಳ್ಳಿಗಳ ಕಡೆ ತೋರಿದರು: 2016ರಲ್ಲಿ ಆರಂಭವಾದ ಮಿಷನ್ ಭಗೀರಥ ಕುಡಿಯುವ ನೀರಿನ ಕೊಳವೆಗಳಿಗಾಗಿ ತೋಡಿದ ಕಾಲುವೆಯಲ್ಲಿಯೇ ಟಿ-ಫೈಬರ್ ಕೇಬಲಿನ ನಳಿಕೆಗಳನ್ನೂ ಮಲಗಿಸಿದರು. ಒಂದು ಅಗೆತಕ್ಕೆ ಎರಡು ಫಲ. ನಗರದೊಳಗೆ ಮಾತ್ರ ಇದು ಅಪರೂಪ. ಹೈದರಾಬಾದ್ ಪಾಲಿಕೆಯು 2019-20ರಲ್ಲಿ 709 ಕಿಲೋಮೀಟರ್ ಮುಖ್ಯರಸ್ತೆಗಳ ನಿರ್ವಹಣೆಯನ್ನು 1,839 ಕೋಟಿ ರೂಪಾಯಿಯ ಅಂದಾಜಿನಲ್ಲಿ ಐದು ವರ್ಷಕ್ಕೆ ಖಾಸಗಿ ಸಂಸ್ಥೆಗಳಿಗೆ ಒಪ್ಪಿಸಿ, ಅಗೆತದ ನಂತರದ ಪುನಃಸ್ಥಾಪನೆಯನ್ನೂ ಅವರಿಗೇ ಸೇರಿಸಿತು. ಒಬ್ಬನೇ ಹೊಣೆಗಾರನಿದ್ದ ಕಾರಣ ಯಾರನ್ನು ಕೇಳಬೇಕೆಂಬುದಾದರೂ ಆ ರಸ್ತೆಗಳಲ್ಲಿ ಸ್ಪಷ್ಟವಿತ್ತು. ನಾವು ವಾಸಿಸುವ ಒಳಗಲ್ಲಿಗಳು ಆ ಪಟ್ಟಿಯಲ್ಲಿ ಇರಲಿಲ್ಲ.

ಕಂಬದ ಮೇಲಿನ ದಾರಿ

ನೆಲದಡಿಯ ಅನುಮತಿ ದುಬಾರಿಯೂ ನಿಧಾನವೂ ಆದಾಗ ಕೇಬಲುಗಳು ಮೇಲಕ್ಕೆ ಹತ್ತುತ್ತವೆ. ಕಾಚಿಗೂಡ, ಬರ್ಕತ್‌ಪುರ, ಹಿಮಾಯತ್‌ನಗರಗಳ ಯಾವ ವಿದ್ಯುತ್ ಕಂಬವನ್ನು ನೋಡಿದರೂ ತಂತಿಗಳ ಗಂಟು ಜೇನುಗೂಡಿನಂತೆ ತೂಗುತ್ತಿದ್ದುದನ್ನು ಓದುಗರು ಬಲ್ಲರು. 2025ರ ಆಗಸ್ಟಿನಲ್ಲಿ ರಾಮಂತಾಪುರದ ಗೋಕುಲನಗರದಲ್ಲಿ ಕೃಷ್ಣಾಷ್ಟಮಿಯ ರಥ ಎಳೆಯುತ್ತಿದ್ದಾಗ ವಿದ್ಯುತ್ ಆಘಾತದಿಂದ 5 ಮಂದಿ ಮೃತಪಟ್ಟರು. ಅದರ ಬೆನ್ನಿಗೆ ವಿದ್ಯುತ್ ಸಂಸ್ಥೆಯು ಕಂಬಗಳ ಮೇಲಿನ ಕೇಬಲುಗಳನ್ನು ಸಾಮೂಹಿಕವಾಗಿ ಕತ್ತರಿಸತೊಡಗಿತು. ಸಾವಿರಾರು ಮನೆಗಳ ಅಂತರ್ಜಾಲ ನಿಂತಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಅನುಮತಿಯಿಲ್ಲದ ಕೇಬಲುಗಳು ವರ್ಷಗಟ್ಟಲೆ ಅಲ್ಲಿ ಹೇಗಿದ್ದುವು ಎಂಬ ಪ್ರಶ್ನೆಗೆ ಉತ್ತರ ಸರಳ: ಯಾವ ಕಂಬದ ಮೇಲೆ ಯಾರದು ಎಷ್ಟು ಎಂಬ ಪಟ್ಟಿ ಇಡುವುದಕ್ಕೂ ಖರ್ಚುಂಟು, ಆ ಖರ್ಚನ್ನು ಯಾರೂ ಮಾಡಿರಲಿಲ್ಲ.

ಗೇಟಿನ ಮುಂದಿನ ಇಳಿಜಾರು

ಕೊನೆಯದಾಗಿ ನಮ್ಮ ಮನೆಗಳ ವಿಷಯ. ರಸ್ತೆಗೆ ಚಾಚಿದ ಇಳಿಜಾರಿಗೆ ನಮ್ಮಲ್ಲಿ ಇಂಗ್ಲೆಂಡಿನ ಹಾಗೆ ಅರ್ಜಿ, ಶುಲ್ಕ, ಅಳತೆಗಳ ಪ್ರತ್ಯೇಕ ಪದ್ಧತಿ ಬಳಕೆಗೆ ಬಂದಿಲ್ಲ. ಇಳಿಜಾರು, ಮೆಟ್ಟಿಲು ಎಲ್ಲವೂ ತಮ್ಮ ಗಡಿಯೊಳಗೇ ಇರಬೇಕೆಂಬುದು ನಿಯಮದ ಆಶಯ. ಬೀದಿಯಲ್ಲಿ ಅಡಚಣೆಯಾಗುವ ಕಟ್ಟಡವನ್ನು ಪಾಲಿಕೆ ಕಾಯ್ದೆಯ 402ನೆಯ ಕಲಮು ನಿಷೇಧಿಸುತ್ತದೆ. ಆದರೆ ಪ್ರತಿಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕಿ ರಸ್ತೆ ಎತ್ತರವಾಗುತ್ತ ಹೋಗುತ್ತದೆ; ಮನೆ ತಗ್ಗಿಗೆ ಬೀಳುತ್ತದೆ; ಮಳೆನೀರು ಒಳಗೆ ಬರುತ್ತದೆಂದು ಮನೆಯವರು ಮನೆ ಎತ್ತರಿಸಿ ಇಳಿಜಾರನ್ನು ಹೊರಗೆ ಚಾಚುತ್ತಾರೆ. ಅದರಡಿಯಲ್ಲಿ ಮೋರಿ ಕಟ್ಟಿಕೊಳ್ಳುತ್ತದೆ. ನಡೆಯುವವರು, ಅದರಲ್ಲಿಯೂ ವಯಸ್ಸಾದವರು, ಕಾಲುದಾರಿ ಬಿಟ್ಟು ವಾಹನಗಳ ನಡುವೆ ಇಳಿಯುತ್ತಾರೆ. ಪಾಲಿಕೆಯವರು ಆಗಾಗ ಯಂತ್ರ ತಂದು ಒಂದು ಸಾಲು ಒಡೆದು ಹೋಗುತ್ತಾರೆ; ಆರು ತಿಂಗಳಲ್ಲಿ ಅದೇ ಸಿಮೆಂಟು ಅಲ್ಲಿಯೇ ಏಳುತ್ತದೆ. ಅಳತೆ ಗೊತ್ತುಮಾಡಿ, ನ್ಯಾಯವಾದ ಶುಲ್ಕ ಪಡೆದು, ನೀರು ಹರಿಯಲು ಕೊಳವೆ ಬಿಟ್ಟ ಇಳಿಜಾರಿಗೆ ಚೀಟಿ ಕೊಡುವುದು ಇದಕ್ಕಿಂತ ಅಗ್ಗವೆಂದು ನನ್ನ ಎಣಿಕೆ.

ಅಲ್ಲಿಯವರೆಗೆ ಮನೆಯವರು ಇಷ್ಟನ್ನು ಮಾಡಿಕೊಳ್ಳಬಹುದು. ಬೇಡಿಕೆ ಪತ್ರದಲ್ಲಿ ಪುನಃಸ್ಥಾಪನೆ, ಮೇಲ್ವಿಚಾರಣೆ, ಠೇವಣಿಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಅಗೆಯುವ ಮೊದಲೂ, ಮುಚ್ಚಿದ ದಿನವೂ, ಮೊದಲ ಮಳೆಯ ನಂತರವೂ ಛಾಯಾಚಿತ್ರ ತೆಗೆದಿಡಿರಿ. ಠೇವಣಿ ಕಟ್ಟಿದ್ದರೆ ವಾಪಸಿನ ದಿನಾಂಕವನ್ನು ಪಂಚಾಂಗದ ಮೇಲೆ ಬರೆದಿಡಿರಿ, ಏಕೆಂದರೆ ಅದನ್ನು ನೆನಪಿಸುವ ಕೆಲಸ ಕಚೇರಿಯದಲ್ಲ. ತಮ್ಮ ಬೀದಿಯ ಅಗೆತಕ್ಕೆಂದು ಕಳೆದ ಮೂರು ವರ್ಷಗಳಲ್ಲಿ ಯಾರಿಂದ ಎಷ್ಟು ಪುನಃಸ್ಥಾಪನೆ ಶುಲ್ಕ ಬಂತು, ಅದರಲ್ಲಿ ಎಷ್ಟು ಅದೇ ಬೀದಿಗೆ ಖರ್ಚಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಆ ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಅವಧಿ.